ಜಸೀನಾ ಹಾಕಿದ ಬಚ್ಚಲ ನೆಲ

ಹನ್ನೊಂದು ವರ್ಷ ಇದ್ದ ಬಾಡಿಗೆಯವರು ಮನೆ ಬಿಟ್ಟು ಹೋದ ಮರುದಿನ ಜಸೀನಾ ಒಳಗೆ ಬಂದು, ಗೋಡೆಯಲ್ಲಿ ಉಳಿದಿದ್ದ ಒಂದು ಮೊಳೆಯನ್ನು ಕಿತ್ತಳು. ಮೊಳೆಯ ಜೊತೆ ಅಂಗೈಯಗಲದ ಗಾರೆಯೂ ಉದುರಿ ಅವಳ ಕಾಲ ಮೇಲೆ ಬಿತ್ತು.

ಪುತ್ತೂರು ಪೇಟೆಯ ಅಂಚಿನ ಆ ಜೋಡಿ ಮನೆ ಅವಳ ಬಾಪ ಅದ್ರಾಮ ಬಿಟ್ಟು ಹೋದದ್ದು. ಇಪ್ಪತ್ತೆರಡು ವರ್ಷ ರವಿಕೆ, ಚೂಡಿದಾರ ಹೊಲಿದು ಇಬ್ಬರು ತಂಗಿಯರ ಮದುವೆ ಮಾಡಿಸಿದವಳು ಜಸೀನಾ. ತನ್ನ ಮದುವೆಯ ಮಾತು ಬಂದಾಗಲೆಲ್ಲ ಏನಾದರೊಂದು ಅಡ್ಡ ಬಂದು, ಕೊನೆಗೆ ಆ ಮಾತೇ ನಿಂತಿತು. ಈಗ ನಲವತ್ತೇಳು. ಸೂಜಿಗೆ ದಾರ ಪೋಣಿಸಲು ಕಣ್ಣು ಕೇಳುತ್ತಿರಲಿಲ್ಲ. ಇನ್ನು ಬಾಡಿಗೆಯಲ್ಲೇ ಬದುಕಬೇಕು. ಆದರೆ ಆ ಮನೆಗೆ ಹಾಗೆಯೇ ಯಾರು ಬರುತ್ತಾರೆ?

ಪೇಟೆಯ ಕಂಟ್ರಾಕ್ಟರ್ ಹೇಳಿದ ಮೊತ್ತ ಕೇಳಿ ಅವನಿಗೆ ಚಹಾ ಕೊಟ್ಟು ಕಳಿಸಿದಳು. ದಿನಗೂಲಿಗೆ ಮೇಸ್ತ್ರಿ ಕಿಟ್ಟಣ್ಣ ಬಂದ.

"ಬಣ್ಣ ಹೊಡೆದು ಕೊಟ್ಟುಬಿಡಿ ಜಸೀನಕ್ಕ. ಬಚ್ಚಲು ಮುಟ್ಟಿದರೆ ಮತ್ತೆ ಕೆಲಸ ನಿಲ್ಲುದಿಲ್ಲ."

"ಪಾಚಿಯಲ್ಲಿ ಯಾರಾದರೂ ಜಾರಿ ಬಿದ್ದರೆ ಎಂತ ಮಾಡುದು ಕಿಟ್ಟಣ್ಣ? ಅಗೆಯಿರಿ."

ಅಗೆದರೆ ಕೆಳಗಿನ ಕಬ್ಬಿಣದ ಪೈಪು ತುಕ್ಕು ಹಿಡಿದು, ಮುಟ್ಟಿದಲ್ಲಿ ಪುಡಿಯಾಗುತ್ತಿತ್ತು. ಬಣ್ಣಕ್ಕೆಂದು ಎತ್ತಿಟ್ಟ ಹಣ ಪೈಪಿಗೆ ಹೋಯಿತು. ಹೊಸ ಟೈಲ್ಸಿನ ಆಸೆ ಬಿಟ್ಟು, ಸಂಪಾಜೆಯಲ್ಲಿ ಯಾರೋ ಮನೆ ಕೆಡವುತ್ತಿದ್ದಾರೆಂದು ಕೇಳಿ ಅವಳು ಬಸ್ಸು ಹತ್ತಿದಳು. ಅಲ್ಲಿ ಅರ್ಧ ದಿನ ಧೂಳಿನಲ್ಲಿ ಕುಳಿತು ಒಳ್ಳೆಯ ಟೈಲ್ಸ್ ಆರಿಸಿ, ಪಿಕಪ್ಪಿನಲ್ಲಿ ತರಿಸಿದಳು. ಇಳಿಸಿ ನೋಡಿದರೆ ಕಾಲು ಭಾಗ ಒಡೆದಿತ್ತು. ಉಳಿದದ್ದರಲ್ಲಿ ಎರಡು ಬಣ್ಣ.

ಅಷ್ಟರಲ್ಲಿ, "ಪೆರಾಬೆಯಲ್ಲಿ ಒಂದು ಸ್ಲ್ಯಾಬ್ ಕೆಲಸ ಉಂಟು, ಒಂದೇ ದಿನ" ಎಂದು ಹೋದ ಕಿಟ್ಟಣ್ಣ ಒಂಬತ್ತು ದಿನವಾದರೂ ಬರಲಿಲ್ಲ. ಫೋನು ಮಾಡಿದರೆ "ನಾಳೆ ಅಕ್ಕ, ನಾಳೆ." ಇತ್ತ ಒಂದನೇ ತಾರೀಕಿಗೆ ಬಾಡಿಗೆಗೆ ಬರುತ್ತೇನೆಂದು ಪ್ರೀತಿಕಾ ಎಂಬ ನರ್ಸ್ ಮುಂಗಡ ಕೊಟ್ಟಾಗಿತ್ತು.

ಹತ್ತನೆಯ ದಿನ ಜಸೀನಾ ಸೆರಗು ಸಿಕ್ಕಿಸಿ ತಾನೇ ಕುಳಿತಳು. ಅವನು ಸಿಮೆಂಟು ಕಲಸುವುದನ್ನು ನೋಡಿದ್ದಳಲ್ಲ. ಮೂಲೆ ಮೂಲೆಗೂ ಹಳೆಯ ಪೇಪರಿನಲ್ಲಿ ಅಳತೆ ಕತ್ತರಿಸಿ, ಅದನ್ನು ಟೈಲ್ಸಿನ ಮೇಲಿಟ್ಟು ಗುರುತು ಹಾಕಿದಳು. ಬಾಡಿಗೆಗೆ ತಂದ ಕಟ್ಟರ್ ಕೈ ನಡುಗಿಸಿತು. ಉಗುರುಗಳ ಸಂದಿಯಲ್ಲಿ ಸಿಮೆಂಟು ಕಚ್ಚಿ ಚರ್ಮ ಸುಲಿಯಿತು. ಮೂರು ದಿನಕ್ಕೆ ಬಿಳಿ, ನಸುಹಸಿರು ಬೆರೆತ ನೆಲ ಮುಗಿದಾಗ, ಗೆರೆಗಳು ಹೊಲಿಗೆಯಷ್ಟು ನೇರವಾಗಿದ್ದವು. ತಂಗಿ ಮಿಸ್ರಿಯಾಳಿಗೆ ಫೋಟೋ ಕಳಿಸಿದಳು.

ನೆಲ ಗಟ್ಟಿಯಾದ ಮೇಲೆ ಒಂದು ಬಕೆಟ್ ನೀರು ಸುರಿದಳು. ನೀರು ಮೋರಿಯ ತೂತಿನತ್ತ ತಿರುಗಿಯೂ ನೋಡದೆ, ನಿಧಾನವಾಗಿ ಬಾಗಿಲ ಕಡೆ ಬಂದು, ಹೊಸ್ತಿಲಿಗೆ ತಾಗಿ ನಿಂತಿತು.

ಅದೇ ಹೊತ್ತಿಗೆ ಕಿಟ್ಟಣ್ಣ ಪ್ರತ್ಯಕ್ಷನಾದ. ಇಣುಕಿ ನೋಡಿ, "ಚಂದ ಆಗಿದೆ ಜಸೀನಕ್ಕ. ವಾಟ ಕೊಡ್ಲಿಲ್ಲ, ಅಷ್ಟೆ. ಇಳಿಜಾರು ಇಲ್ಲದೆ ನೀರು ಹೋಗುದು ಹೇಗೆ?" ಎಂದ.

"ವಾಟ ಗೊತ್ತಿದ್ದವರು ಎರಡು ವಾರ ಎಲ್ಲಿಗೆ ಹೋಗಿದ್ರಿ ಮಾರಾಯ್ರೆ?" ಅವಳ ಸ್ವರ ಓಣಿಯ ತುದಿಗೆ ಕೇಳಿತು. "ದೊಡ್ಡ ಮನೆ ಸಿಕ್ಕಿದರೆ ನಮ್ಮ ಕೆಲಸ ಕೆಲಸ ಅಲ್ಲ! ಅಲ್ಲಿ 'ನಾಳೆ' ಅಂತ ಹೇಳುವ ಧೈರ್ಯ ಉಂಟಾ ನಿಮಗೆ?"

ಕಿಟ್ಟಣ್ಣ ಚೀಲದಿಂದ ಸುತ್ತಿಗೆ ತೆಗೆದು, "ಬಾಗಿಲ ಹತ್ತಿರದ ನಾಲ್ಕು ಸಾಲು ಎಬ್ಬಿಸಿದರೆ ಸಾಕು. ಇವತ್ತಿನ ಕೂಲಿ ಬೇಡ" ಎಂದ.

ಜಸೀನಾ ಸುತ್ತಿಗೆಯನ್ನು ಅವನ ಕೈಯಿಂದ ಕಸಿದುಕೊಂಡಳು. "ವಾಟ ಎಷ್ಟು ಅಂತ ದಾರ ಹಿಡಿದು ತೋರಿಸಿ. ಒಡೆಯುದು ನಾನು, ಹಾಕುದೂ ನಾನು." ತಾನೇ ಅಂಟಿಸಿದ್ದನ್ನು ತಾನೇ ಒಂದೊಂದಾಗಿ ಎಬ್ಬಿಸಿ, ಮತ್ತೆ ಹಾಕಿದಳು. ಸಂಜೆಗೆ ನೀರೇನೋ ಸರಿಯಾದ ದಾರಿ ಹಿಡಿಯಿತು. ಆದರೆ ಎಬ್ಬಿಸುವಾಗ ಐದು ಟೈಲ್ಸ್ ಚೂರಾಗಿದ್ದವು, ಬದಲಿಗೆ ಇಡಲು ಒಂದೂ ಇರಲಿಲ್ಲ. ಖಾಲಿ ಉಳಿದ ಮೂಲೆಗೆ ಬರೀ ಸಿಮೆಂಟು ಬಳಿದಳು.

ಒಂದನೇ ತಾರೀಕು ಪ್ರೀತಿಕಾ ತಾಯಿಯೊಂದಿಗೆ ಬಂದಳು. "ಈ ಮೂಲೆ ಎಂತ ಅಕ್ಕ ಹೀಗೆ?"

"ಟೈಲ್ಸ್ ಮುಗಿಯಿತು." ಬೇರೆ ಕಾರಣ ಹುಡುಕುವಷ್ಟು ತ್ರಾಣ ಜಸೀನಾಳಲ್ಲಿ ಉಳಿದಿರಲಿಲ್ಲ.

ಪ್ರೀತಿಕಾಳ ತಾಯಿ ಒಳಗೆ ಹೋಗಿ, ಬರಿಗಾಲಲ್ಲಿ ನೆಲವನ್ನು ಉಜ್ಜಿ ನೋಡಿ, "ಜಾರುದಿಲ್ಲ. ಅಲ್ಲಿ ಬಕೆಟ್ ಇಟ್ಟರಾಯ್ತು" ಎಂದರು. ಸಾಮಾನು ಇಳಿಯಿತು.

ಜೋಡಿಯ ಇನ್ನೊಂದು ಮನೆಗೆ ಇನ್ನೂ ಬೀಗವೇ. ಅದರ ನೆಲದಡಿಯ ಪೈಪೂ ಅದೇ ಕಾಲದ್ದು. ಮೂರನೆಯ ದಿನ ಪ್ರೀತಿಕಾಳ ಫೋನು: "ಅಕ್ಕ, ಅಡುಗೆಮನೆಯ ನಲ್ಲಿ ಸೋರ್ತಾ ಉಂಟು."

"ಯಾ ಅಲ್ಲಾಹ್" ಎಂದು ಹಣೆ ಚಚ್ಚಿಕೊಂಡ ಜಸೀನಾ, ಕಿಟ್ಟಣ್ಣನಿಗೆ ಫೋನು ಮಾಡುವ ಗೋಜಿಗೇ ಹೋಗದೆ, ಸ್ಪ್ಯಾನರ್ ಕೊಳ್ಳಲು ಪೇಟೆಗೆ ಹೊರಟಳು.