ನಾನು ಕತ್ತರಿಸಿದ ಏಳು ನಿಮಿಷ

ಆಯಮ್ಮನ ಎಡ ಹೆಗಲ ಮೇಲೆ ಯಾವಾಗಲೂ ಒಂದು ಕೆಂಪು ಚೌಕಳಿ ಟವೆಲ್ ಇರುತ್ತಿತ್ತು. ಗಂಡಸರು ಹಾಕಿಕೊಳ್ಳುವಂಥದ್ದು. ಸೆರಗಿನ ಮೇಲೆ ಅದನ್ನು ಸುಮ್ಮನೆ ಇಳಿಬಿಟ್ಟಿರುತ್ತಿದ್ದಳೇ ಹೊರತು ಸಿಕ್ಕಿಸಿದ್ದನ್ನಾಗಲಿ ಗಂಟು ಹಾಕಿದ್ದನ್ನಾಗಲಿ ನಾನು ಕಂಡಿಲ್ಲ. ಗಾಳಿ ಬಂದರೆ ಜಾರಿ ಬೀಳುತ್ತಿತ್ತು. ಬಾಗಿ ಎತ್ತಿಕೊಂಡು, ಧೂಳು ಕೊಡವಿ, ಮತ್ತೆ ಹಾಗೆಯೇ ಹಾಕಿಕೊಳ್ಳುತ್ತಿದ್ದಳು. ಯಾರಾದರೂ ಕತ್ತಿಗೆ ಟವೆಲ್ ಸುತ್ತಿ ಗಂಟು ಹಾಕಿಕೊಂಡು ಎದುರಿಗೆ ಬಂದರೆ ಮಾತ್ರ ಅವಳಿಗೆ ತಡೆಯುತ್ತಿರಲಿಲ್ಲ. ಗುರುತಿರಲಿ ಇಲ್ಲದಿರಲಿ, ಹೋಗಿ ಬಿಚ್ಚಿಬಿಡುತ್ತಿದ್ದಳು. ಒಮ್ಮೆ ಊರಿಗೆ ಬಂದಿದ್ದ ಬ್ಯಾಂಕಿನ ಸಾಹೇಬರ ಮಫ್ಲರಿಗೂ ಕೈ ಹಾಕಿದ್ದಳು.

ನಮ್ಮದು ಎಚ್.ಡಿ. ಕೋಟೆ ತಾಲ್ಲೂಕು. ಅಂತರಸಂತೆಯಿಂದ ಒಳಗೆ ಹೋದರೆ ಕಾಡಿನ ಕಂದಕಕ್ಕೆ ತಾಗಿಕೊಂಡಿರುವ ಸಣ್ಣ ಊರು. ಅಲ್ಲಿನ ಅಂಗನವಾಡಿಯಲ್ಲಿ ಅವಳು ಸಹಾಯಕಿ, ಊರಿಗೆಲ್ಲ ಆಯಮ್ಮ. ಬೆಳಿಗ್ಗೆ ಮನೆಮನೆಗೆ ಹೋಗಿ ಮಕ್ಕಳನ್ನು ಕರೆತರುವುದು, ಅಡುಗೆ ಮಾಡುವುದು, ಮೂಗು ಒರೆಸುವುದು, ಮಧ್ಯಾಹ್ನ ಮತ್ತೆ ಮನೆ ಮುಟ್ಟಿಸುವುದು. ಇವತ್ತು ಊರಲ್ಲಿ ಮೀಸೆ ತಿರುವಿಕೊಂಡು ಓಡಾಡುವವರೆಲ್ಲ ಅವಳ ಕೈಯಲ್ಲಿ ಮೂಗು ಒರೆಸಿಕೊಂಡವರೇ. ನಾನೂ ಅಷ್ಟೆ. ಮೇಲಾಗಿ ನಮ್ಮ ಮನೆಗೂ ಅವಳ ಮನೆಗೂ ನಡುವೆ ಇದ್ದದ್ದು ಒಂದೇ ಗೋಡೆ.

ನಮ್ಮ ಕಡೆ ಆನೆಯನ್ನು ಆನೆ ಎನ್ನುವುದಿಲ್ಲ, ದೊಡ್ಡೋರು ಎನ್ನುತ್ತೇವೆ. ಹೆಸರು ಹಿಡಿದರೆ ಕರೆದ ಹಾಗಾಗುತ್ತದೆ ಎಂಬ ಭಯ. ಮಕ್ಕಳ ಸಾಲನ್ನು ನಡೆಸಿಕೊಂಡು ಹೋಗುವಾಗ ಆಯಮ್ಮ ದಿನವೂ ಒಂದು ಪಾಠ ಒಪ್ಪಿಸಿಕೊಳ್ಳುತ್ತಿದ್ದಳು.

"ದೊಡ್ಡೋರು ಬಂದ್ರೆ ಏನ್ ಮಾಡ್ತೀರಿ?"

"ಟವಲ್ ಎಸ್ದು ಓಡ್ತೀವಿ."

"ತಿರುಗಿ ನೋಡ್ತೀರಾ?"

"ನೋಡಕಿಲ್ಲ."

"ಟವಲ್ ಹೋಯ್ತಲ್ಲ ಅಂತ ಅವ್ವ ಬಯ್ದ್ರೆ?"

"ಆಯಮ್ಮ ಬಿಸಾಕು ಅಂದ್ಲು ಅಂತೀವಿ."

ಬೆನ್ನಟ್ಟಿ ಬರುವ ಆನೆ, ಎಸೆದ ಬಟ್ಟೆಯ ಹತ್ತಿರ ನಿಲ್ಲುತ್ತದೆ. ಮೂಸುತ್ತದೆ, ತುಳಿಯುತ್ತದೆ. ಅಷ್ಟು ಹೊತ್ತು ಸಿಕ್ಕರೆ ಒಬ್ಬ ಮನುಷ್ಯ ಬದುಕಿಕೊಳ್ಳುತ್ತಾನೆ. ನಾನು ಆರನೇ ಕ್ಲಾಸಿನಲ್ಲಿದ್ದಾಗ ಬೆಳಗಿನ ಮಂಜಿನಲ್ಲಿ ಬಿದಿರುಮೆಳೆಯ ತಿರುವಿನಲ್ಲಿ ದೊಡ್ಡೋರು ಎದುರಾದಾಗ ಹೊಸ ಸ್ವೆಟರನ್ನು ಕಿತ್ತೆಸೆದು ಓಡಿ ಬಂದೆ. ಪಾಠ ನೆನಪಿತ್ತು ಎಂದೇನಲ್ಲ, ಕೈ ತಾನಾಗಿ ಆ ಕೆಲಸ ಮಾಡಿತು. ಸ್ವೆಟರ್ ಕಳೆದೆನೆಂದು ಅವ್ವ ಬಾಯಿ ತೆಗೆಯುವಷ್ಟರಲ್ಲಿ ಆಯಮ್ಮ ಬಾಗಿಲಲ್ಲಿ ನಿಂತಿದ್ದಳು. "ಒಂದ್ ಮಾತೂ ಅನ್ನಬ್ಯಾಡ ಕಣವ್ವ ಅವನ್ಗೆ. ನಿನ್ನ ಕಾಲಿಗ್ ಬೀಳ್ತೀನಿ," ಎಂದಳು. ಒಂದು ಸ್ವೆಟರಿಗೆ ಇಷ್ಟೊಂದು ಯಾಕೆ ಎಂದು ಅವ್ವನಿಗೂ ತಿಳಿಯಲಿಲ್ಲ, ನನಗೂ ತಿಳಿಯಲಿಲ್ಲ.

ಅವಳ ಗಂಡನನ್ನು ಹೊಲದಲ್ಲಿ ದೊಡ್ಡೋರು ತುಳಿದದ್ದು ಊರಿಗೆಲ್ಲ ಗೊತ್ತಿತ್ತು. ಅದು ನಾನು ಹುಟ್ಟುವ ಮೊದಲಿನ ಮಾತು. ಮದುವೆಯಾಗಿ ಎರಡು ವರ್ಷವೂ ತುಂಬಿರಲಿಲ್ಲವಂತೆ. ಅದರ ಬಗ್ಗೆ ಅವಳು ತುಟಿ ಪಿಟಕ್ಕೆನ್ನುತ್ತಿರಲಿಲ್ಲ, ಕೇಳುವ ಧೈರ್ಯ ಯಾರಿಗೂ ಇರಲಿಲ್ಲ. ಉಳಿದಂತೆ ಬಾಯಿಗೆ ಬೀಗವೇ ಇಲ್ಲದ ಹೆಂಗಸು. ಅದರಲ್ಲೂ ಟಿವಿ ಮುಂದೆ ಕೂತರೆ ಮುಗಿಯಿತು. ಧಾರಾವಾಹಿಯ ಅತ್ತೆಗೆ ಬೈಯುವಳು, ಸೊಸೆಗೆ ಬುದ್ಧಿ ಹೇಳುವಳು, ವಾರ್ತೆ ಓದುವ ಹುಡುಗಿಗೆ "ಉಂಡ್ಯೇನವ್ವ, ಮೊಕ ಬಾಡೋಗದೆ" ಎನ್ನುವಳು. ಈ ಗುಣವೇ ನನ್ನ ಕಣ್ಣಿಗೆ ಬಿದ್ದದ್ದು.

ನಾನು ಕೋಟೆಯಲ್ಲಿ ಮದುವೆ ವಿಡಿಯೋ ಎಡಿಟ್ ಮಾಡುವವನು. ಮದುವೆಯಿಲ್ಲದ ತಿಂಗಳಲ್ಲಿ ಕೈ ಕಟ್ಟಿ ಕೂರಲಾರದೆ ಯೂಟ್ಯೂಬಿನಲ್ಲಿ ಒಂದು ಚಾನೆಲ್ ಶುರು ಮಾಡಿದ್ದೆ. ಊರಿನವರಿಗೆ ವಿದೇಶಿ ಸಿನಿಮಾ, ಸೀರಿಯಲ್ಲುಗಳ ತುಣುಕು ತೋರಿಸಿ, ನೋಡುವಾಗ ಅವರ ಮುಖವನ್ನು ಚಿತ್ರೀಕರಿಸಿ ಹಾಕುವುದು. ಆ ಸಲ ಆರಿಸಿಕೊಂಡದ್ದು ಒಂದು ಹಳೇ ಕಪ್ಪು ಬಿಳುಪು ಸೀರಿಯಲ್. ಬೇರೆ ಗ್ರಹದವರು ಭೂಮಿಗೆ ಇಳಿಯುವ ದೃಶ್ಯ. ಗುಡ್ಡದ ಹಿಂದೆ ಬೆಳಕು ಬೀಳುತ್ತದೆ, ಮುಸುಕಿನ ಜೋಳದ ಹೊಲದೊಳಗಿಂದ ಮುಖವಿಲ್ಲದ ಬೂದು ಬಣ್ಣದ ಎತ್ತರದ ಆಕಾರಗಳು ತೂಗಾಡುತ್ತಾ ನಿಧಾನಕ್ಕೆ ಬರುತ್ತವೆ. ಊರಿನ ಜನ ಬಾಯಿ ಬಿಟ್ಟುಕೊಂಡು ನೋಡುತ್ತಾರೆ. ಕತ್ತಿಗೆ ಬಟ್ಟೆ ಸುತ್ತಿಕೊಂಡ ಒಬ್ಬ ರೈತ ಹೊಲದ ನಡುವೆ ಅಲ್ಲಾಡದೆ ನಿಂತುಬಿಡುತ್ತಾನೆ.

ಒಂದು ಭಾನುವಾರ ಮಧ್ಯಾಹ್ನ ನಮ್ಮ ಮನೆಯ ಪಡಸಾಲೆಯಲ್ಲಿ ಹತ್ತು ಹನ್ನೆರಡು ಜನರನ್ನು ಕೂರಿಸಿ ತೋರಿಸಿದೆ. ಹೈಸ್ಕೂಲಿನ ಹುಡುಗಿಯೊಬ್ಬಳು, "ಇವು ಬಣ್ಣ ಬಳಿದಿರೋ ನೀರಿನ ಡ್ರಮ್ಮು ಕಣಣ್ಣ," ಎಂದಳು. ಟೀ ಅಂಗಡಿಯವನು, "ನಮ್ಮೂರಿಗೆ ಇಳುದ್ರೆ ಮೊದ್ಲು ಪಂಚಾಯ್ತೀಲಿ ಅರ್ಜಿ ಕೊಡ್ಬೇಕಾಯ್ತದೆ, ಪಿಡಿಒ ರಜಾ ಇದ್ರೆ ಸೋಮಾರ ಬರ್ಲಿ," ಎಂದ. ನನ್ನ ಅವ್ವನ ಚಿಂತೆ ಜೋಳದ್ದು: "ಒಳ್ಳೆ ತೆನೆ ಬಂದಿತ್ತು, ಎಲ್ಲ ತುಳ್ದು ಹಾಕ್ಬುಟ್ಟೊ." ಎಲ್ಲರೂ ನಗುತ್ತಿದ್ದರು.

ಆಯಮ್ಮ ನಗುತ್ತಿರಲಿಲ್ಲ, ಮಾತೂ ಆಡುತ್ತಿರಲಿಲ್ಲ. ಅವಳ ಕೈ ಹೆಗಲ ಟವೆಲ್ಲಿನ ಮೇಲಿತ್ತು. ರೈತ ನಿಂತುಬಿಟ್ಟ ಕೂಡಲೇ ಇವಳು ಎದ್ದಳು. "ಟವಲ್ ಎಸ್ದು ಓಡ್ಲಾ! ಯಾಕ್ಲಾ ನಿಂತ್ಕಂಡೆ ಮುಂಡೇದೆ, ಎಸ್ದು ಓಡ್ಲಾ!" ಎಂದು ಕಿರುಚಿ, ಅವನಿಗೆ ತೋರಿಸಿಕೊಡುವವಳಂತೆ ತನ್ನ ಟವೆಲನ್ನೇ ಎಸೆದಳು. ಅದು ಟಿವಿಯ ಮೇಲೆ ಹೋಗಿ ಕೂತಿತು. ಟವೆಲಿನ ಹಿಂದಿನಿಂದ ಬೇರೆ ಗ್ರಹದವರ ಗುಂಯ್ ಎಂಬ ಸದ್ದು ಕೇಳುತ್ತಲೇ ಇತ್ತು. ಪಡಸಾಲೆಯೆಲ್ಲ ಬಿದ್ದು ಬಿದ್ದು ನಕ್ಕಿತು. ನಗುತ್ತಾ ನನ್ನ ಕಣ್ಣಲ್ಲೂ ನೀರು ಬಂತು.

ಜನ ಎದ್ದು ಹೋದರು. ಅವ್ವ ಒಳಗೆ ಟೀ ಕಾಸಲು ಹೋದಳು. ಆಯಮ್ಮ ಮತ್ತೆ ಕೂತಳು, ಟವೆಲನ್ನು ತೊಡೆಯ ಮೇಲೆ ಹರಡಿಕೊಂಡು ಮಾತಾಡತೊಡಗಿದಳು. ಗಂಡ ಹೋದ ದಿನದ ಮಾತು. ಇಷ್ಟು ವರ್ಷ ಯಾರಿಗೂ ಹೇಳದಿದ್ದದ್ದು. ಸ್ಟ್ಯಾಂಡಿನ ಮೇಲಿದ್ದ ಫೋನಿನಲ್ಲಿ ಇನ್ನೂ ರೆಕಾರ್ಡ್ ಆಗುತ್ತಲೇ ಇತ್ತು, ಅದು ಅವಳಿಗೂ ಗೊತ್ತಿತ್ತು. ನಡುನಡುವೆ ಅದರ ಕಡೆಗೇ ನೋಡಿ ಹೇಳಿದಳು. ಏಳು ನಿಮಿಷ. ಅವಳು ಹೇಳಿದ್ದನ್ನು ಕೊನೆಯಲ್ಲಿ ಬರೆಯುತ್ತೇನೆ. ಈ ಬರಹ ಇರುವುದೇ ಅದಕ್ಕಾಗಿ.

ಅವತ್ತೇ ಎಡಿಟ್ ಮಾಡಲು ಕೂತೆ. ಟವೆಲ್ ಎಸೆಯುವ ನಲವತ್ತು ಸೆಕೆಂಡು ಚಿನ್ನದಂತಿತ್ತು. ಆಮೇಲಿನ ಏಳು ನಿಮಿಷ ಹಾಕಿದರೆ ಓಟ ಕೆಡುತ್ತದೆ ಅನ್ನಿಸಿತು. ಮದುವೆ ವಿಡಿಯೋಗಳಲ್ಲಿ ಮದುಮಗಳನ್ನು ಒಪ್ಪಿಸಿಕೊಡುವಾಗಿನ ಅಳುವನ್ನು ದಿನಾ ಕತ್ತರಿಸುವ ಕೈ ನನ್ನದು. ಇದನ್ನೂ ಕತ್ತರಿಸಿದೆ. ಅಷ್ಟೇ ಅಲ್ಲ, ಹುಣಸೂರಿನ ಒಂದು ಮದುವೆಗೆ ಹೊರಡುವ ಮುನ್ನ ಫೋನಿನಲ್ಲಿ ಜಾಗವಿಲ್ಲವೆಂದು ಮೂಲವನ್ನೂ ಅಳಿಸಿದೆ. ಯೋಚಿಸಲೂ ಇಲ್ಲ. ಅದಕ್ಕೇ ಇವತ್ತಿಗೂ ನನ್ನನ್ನು ನಾನು ಕ್ಷಮಿಸಿಕೊಳ್ಳಲಾರೆ.

ನಲವತ್ತು ಸೆಕೆಂಡು ವಾರದೊಳಗೆ ಎಲ್ಲ ಕಡೆ ಹರಡಿತು. ಯಾರೋ ಅದಕ್ಕೆ ತಮಟೆ ಸದ್ದು ಸೇರಿಸಿದರು, ಯಾರೋ ಹಾಡು ಮಾಡಿದರು, ವಾಟ್ಸಾಪಿನ ಸ್ಟಿಕ್ಕರ್ ಬಂತು. ಆಯಮ್ಮ ಟವೆಲಜ್ಜಿ ಆದಳು. ಮೈಸೂರಿನಿಂದ ಕಾರಿನಲ್ಲಿ ಹುಡುಗರು ಬಂದರು. ಅವಳು ಅವರನ್ನು ಜಗುಲಿಯ ಮೇಲೆ ಕೂರಿಸಿ, ನೀರು ಕೊಟ್ಟು, ಗಾಳಿ ಯಾವ ಕಡೆ ಬೀಸುತ್ತಿದ್ದರೆ ಯಾವ ಕಡೆ ಓಡಬೇಕು, ಟವೆಲನ್ನು ಎಷ್ಟು ದೂರ ಎಸೆಯಬೇಕು ಎಂದು ಒಂದು ಗಂಟೆ ಹೇಳಿಕೊಟ್ಟಳು. ಅವರು ಫೋನ್ ಹಿಡಿದು ನಗುತ್ತಾ ಕೇಳಿದರು. ಹೋದಮೇಲೆ ಅವಳು ನನಗೆ, "ಪ್ಯಾಟೆ ಹುಡುಗ್ರು ಪಾಪ, ಕಲ್ಯಕ್ಕೆ ಬಂದವ್ರೆ," ಎಂದಳು.

ವಿಡಿಯೋದಲ್ಲಿ ಟವೆಲ್ ಎಸೆದದ್ದಷ್ಟೇ ಇದೆ ಎಂದು ಅವಳಿಗೆ ತಿಳಿದದ್ದು ಕೋಟೆ ಬಸ್ ಸ್ಟ್ಯಾಂಡಿನಲ್ಲಿ. ಯಾರೋ ಹೆಂಗಸು ಗುರುತು ಹಿಡಿದು ಫೋನ್ ತೋರಿಸಿದಳಂತೆ. ಮನೆಗೆ ಬಂದವಳು ಸೀದಾ ನಮ್ಮ ಬಾಗಿಲಿಗೆ ಬಂದಳು.

"ನಾ ಆಮೇಲೆ ಹೇಳಿದ್ನಲ್ಲ, ಅದೆಲ್ಲಿ ಮಗಾ?"

"ಅದ್ನ ಹಾಕ್ಲಿಲ್ಲ ಆಯಮ್ಮ. ಉದ್ದ ಆಯ್ತಿತ್ತು."

ಅವಳು ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು. "ನಗೋದ್ನ ಮಡಿಕ್ಕಂಡು ಅಳೋದ್ನ ತಗ್ದುಬುಟ್ಯಲ್ಲಪ್ಪ," ಎಂದಳು. ಹೆಗಲ ಟವೆಲ್ ಸರಿ ಮಾಡಿಕೊಂಡು, "ಹಾಕ್ಬುಡು. ನಾಲ್ಕ್ ಜನ ಕೇಳ್ಲಿ. ಇನ್ನೊಬ್ಳು ಅಂಗೆ ಅನ್ನದಂಗಾಯ್ತದೆ," ಎಂದಳು. "ಹಾಕ್ತೀನಿ ಆಯಮ್ಮ," ಎಂದೆ. ಅಳಿಸಿಬಿಟ್ಟಿದ್ದೇನೆ ಎಂದು ಹೇಳಲಿಲ್ಲ. ಇನ್ನೊಮ್ಮೆ ಕೂತು ಹೇಳು ಎಂದು ಕೇಳಲು ನನಗೆ ಯಾವ ಮುಖವಿತ್ತು?

ಚಾನೆಲ್ಲಿನಿಂದ ವಿಡಿಯೋ ತೆಗೆದೆ. ಏನು ಬಂತು? ನನ್ನದೊಂದು ಹೋಯಿತು, ಸಾವಿರ ಫೋನುಗಳಲ್ಲಿ ಉಳಿಯಿತು. ಹೊಳೆಗೆ ಬಿಟ್ಟ ನೀರನ್ನು ಚೊಂಬಿನಲ್ಲಿ ವಾಪಸ್ಸು ತುಂಬಲು ಹೊರಟಂತೆ.

ಆ ವರ್ಷವೇ ಸುಗ್ಗಿಯ ಒಂದು ಬೆಳಿಗ್ಗೆ ಒಂಟಿ ಸಲಗವೊಂದು, ಆನೆ ಬರದಂತೆ ತೋಡಿದ್ದ ಕಂದಕವನ್ನೇ ದಾಟಿ ಬಂದು ಕೆರೆಯ ಏರಿಯ ಮೇಲೆ ನಿಂತಿತು. ಊರ ಹುಡುಗರು ಫೋನ್ ಹಿಡಿದು ಹತ್ತಿರ ಹೋದರು. ನಮ್ಮೂರಿಗೆ ಮನೆ ಕಟ್ಟಲು ಬಂದಿದ್ದ ಗಾರೆಯವನೊಬ್ಬ ಕತ್ತಿಗೆ ಟವೆಲ್ ಕಟ್ಟಿಕೊಂಡು ಅವರ ಮುಂದೆಯೇ ನಿಂತಿದ್ದ. ಆಯಮ್ಮ ಜಗುಲಿಯಿಂದ ಇಳಿದು ಓಡಿದಳು. "ಟವಲ್ ಎಸ್ದು ಓಡ್ರೋ, ಎಸ್ದು ಓಡ್ರೋ," ಎಂದು ಅವಳು ಕೂಗಿದ್ದೇ ತಡ, ಫೋನುಗಳೆಲ್ಲ ಸಲಗವನ್ನು ಬಿಟ್ಟು ಅವಳ ಕಡೆ ತಿರುಗಿದವು. ಹುಡುಗರು ತಮಟೆಯ ತಾಳ ಹಾಕಿ ಅದೇ ಮಾತನ್ನು ಅವಳಿಗೆ ಹೇಳಿ ನಕ್ಕರು. ಗಾರೆಯವನೂ ತಿರುಗಿ ಅವಳನ್ನು ನೋಡಿ ನಗುತ್ತಿದ್ದ. ಅವನ ಬೆನ್ನ ಹಿಂದೆ ಸಲಗ ಹೆಜ್ಜೆ ಕಿತ್ತಿತು. ಅವನು ಓಡಲು ಹೋಗಿ ಏರಿಯಿಂದ ಕೆಳಗಿನ ಕಲ್ಲುಗಳ ಮೇಲೆ ಬಿದ್ದ. ಸಲಗ ಇಳಿಯಲಿಲ್ಲ, ಜೀವ ಉಳಿಯಿತು. ಸೊಂಟ ಮುರಿಯಿತು. ಆಮೇಲೆ ಅವನು ಕರಣೆ ಹಿಡಿಯಲಿಲ್ಲ.

ಆವತ್ತಿನಿಂದ ಆಯಮ್ಮ ಹೆಗಲಿಗೆ ಟವೆಲ್ ಹಾಕಲಿಲ್ಲ. ನಿವೃತ್ತಿಯಾದ ಮೇಲೂ ಶಾಲೆಗೆ ಹೋಗುವ ಮಕ್ಕಳನ್ನು ದಾರಿಯಲ್ಲಿ ತಡೆದು ಪಾಠ ಒಪ್ಪಿಸಿಕೊಳ್ಳುತ್ತಿದ್ದವಳು ಅದನ್ನೂ ಬಿಟ್ಟಳು. ಯಾಕೆಂದು ಕೇಳಿದ್ದಕ್ಕೆ, "ಮಾತು ಕೆಟ್ಟೋಯ್ತು ಬುಡು. ಇನ್ಮೇಲೆ ಅದ್ರಿಂದ ಯಾರೂ ಉಳಿಯಕಿಲ್ಲ," ಎಂದಳು. ಗಂಡನನ್ನು ಕೊಟ್ಟು ಕೊಂಡುಕೊಂಡಿದ್ದ ಮಾತು ಅದು. ನನ್ನನ್ನು ಬದುಕಿಸಿದ ಮಾತು. ನಾನದನ್ನು ನಗೆಪಾಟಲು ಮಾಡಿ ಕೊಂದೆ.

ಕಳೆದ ಆಷಾಢದಲ್ಲಿ ಜ್ವರ ಹಿಡಿದು ಮಲಗಿದಳು. ನೋಡಲು ಹೋದಾಗಲೆಲ್ಲ ಒಂದೇ ಪ್ರಶ್ನೆ: "ಹಾಕ್ದಾ?" ಒಂದು ಮಧ್ಯಾಹ್ನ, "ಹಾಕ್ದೆ ಆಯಮ್ಮ," ಎಂದುಬಿಟ್ಟೆ.

"ಜನ ಏನಂದ್ರು?"

"ಯಾರೂ ನಗ್ಲಿಲ್ಲ."

ನಂಬಿದಳೋ ಇಲ್ಲವೋ ನನಗೆ ಗೊತ್ತಾಗಲಿಲ್ಲ. ಎರಡು ದಿನಕ್ಕೆ ಹೋದಳು. ಹೆಣದ ಮೇಲೆ ಹೊದಿಸಲು ಬಟ್ಟೆ ತಂದವರಲ್ಲಿ ಯಾರೋ ಒಬ್ಬರು ಹೊಸ ಕೆಂಪು ಚೌಕಳಿ ಟವೆಲ್ ತಂದು ಹೊದಿಸಿದರು. ಹಿಂದೆ ನಿಂತವರೊಬ್ಬರು ಅದನ್ನು ಫೋನಿನಲ್ಲಿ ಹಿಡಿಯುತ್ತಿದ್ದರು. ನಾನು ಯಾರನ್ನು ಗದರಿಸಲಿ?

ವಿಡಿಯೋ ಇಲ್ಲ. ಅವಳ ದನಿಯೂ ಇಲ್ಲ. ನನಗೆ ನೆನಪಿರುವಷ್ಟನ್ನು ಇಲ್ಲಿ ಹಾಕುತ್ತಿದ್ದೇನೆ. ಗಂಡ ಹೋದ ದಿನದ ಬಗ್ಗೆ ಅವಳು ಹೇಳಿದ್ದು ಇದು:

"ಅದ್ಕೂ ಮುಂಚೆ ಎಲ್ಡು ಟವಲ್ ಕಳ್ದಿದ್ದ ಕಣ್ಲಾ. ಒಂದು ಸಂತೇಲಿ, ಒಂದು ಬಸ್ಸಲ್ಲಿ. ಮೂರ್ನೇದು ನಮ್ಮಪ್ಪ ಕೊಟ್ಟಿದ್ದು, ಕೆಂಪ್ ಚೌಕಳೀದು. ಬೆಳಿಗ್ಗೆ ಹೊಲಕ್ಕೆ ಹೊಂಟಾಗ ಅಂದೆ, ಇದ್ನೂ ಕಳ್ಕಂಡ್ ಬಂದ್ರೆ ಒಳೀಕೆ ಬರಬ್ಯಾಡ ಅಂತ. ನಗ್ತಾ ಕತ್ಗೆ ಸುತ್ಕಂಡು ಗಂಟಾಕ್ಕಂಡ. ದೊಡ್ಡೋರು ಬಂದಾಗ ಜೊತೇಲಿದ್ದೋರೆಲ್ಲ ಎಸ್ದು ಓಡುದ್ರಂತೆ. ಇವನ ಕೈ ಗಂಟ್ ಮ್ಯಾಲೇ ಇತ್ತಂತೆ. ಬಿಚ್ತಿದ್ನೋ, ಎಲ್ ಕಳ್ದೋಯ್ತದೋ ಅಂತ ಇಡ್ಕಂಡಿದ್ನೋ, ಯಾರ್ಗೊತ್ತು. ತಂದು ಅಂಗಳದಲ್ಲಿ ಮಲಗಿಸ್ದಾಗ ಟವಲ್ ಕತ್ತಲ್ಲೇ ಇತ್ತು. ಹೊರಗ್ ಸತ್ತೋರ್ನ ಮನೆ ಒಳೀಕೆ ತರಕೂಡ್ದು ಅಂದ್ರು ಹಿರೀಕರು. ನಾ ಬಾಗ್ಲಲ್ಲಿ ನಿಂತ್ಕಂಡು ಬಾ ಬಾ ಅಂತ ಕರೀತಿದ್ದೆ. ಟವಲ್ ಕಳ್ದಿರ್ಲಿಲ್ಲ ಮಗಾ ಅವನು. ಆದ್ರೂ ಒಳೀಕೆ ಬರ್ಲಿಲ್ಲ."