ಜುಮ್ಮೆನ್ನುವ ನಲ್ಲಿ

ಟುರಿಡ್ ಹೌಕೋಸ್‌ಗೆ ಎಲ್ಲದಕ್ಕೂ ಕಾರಣ ಬೇಕು. ಕಡಲಹಕ್ಕಿಗಳು ಚರ್ಚಿನ ಗೋಪುರದ ಒಂದೇ ಮಗ್ಗುಲಲ್ಲಿ ಯಾಕೆ ಕೂರುತ್ತವೆ, ಅವಳಿ ಅಕ್ಕತಂಗಿಯರಲ್ಲಿ ಒಬ್ಬಳ ಕೂದಲು ಮಾತ್ರ ಯಾಕೆ ಬೇಗ ನೆರೆಯುತ್ತದೆ, ಎಂದೆಲ್ಲ ಕೇಳುತ್ತಲೇ ಇರುವಳು. ನಾರ್ವೆಯ ಪಶ್ಚಿಮ ಕರಾವಳಿಯ ನಮ್ಮ ಪುಟ್ಟ ಬಂದರಿನಲ್ಲಿ ಹೆಂಗಸರ ಕೂದಲು ಕತ್ತರಿಸುವುದು ಅವಳ ಕಸುಬು. ಗುಡ್ಡದ ಇಳಿಜಾರಿನಲ್ಲಿ ಅವಳದೊಂದು ಮರದ ಮನೆ. ಅದರ ನೆಲಮಾಳಿಗೆಯಲ್ಲಿ ಕನ್ನಡಿ, ಕುರ್ಚಿ, ಕೂದಲು ತೊಳೆಯುವ ತೊಟ್ಟಿ. ಮಹಡಿಯಲ್ಲಿ ಬಾಡಿಗೆಗಿದ್ದವರಲ್ಲಿ ನಾನೂ ಒಬ್ಬ. ಹಾಗಾಗಿ ಮುಂದೆ ನಡೆದದ್ದನ್ನು ಕಣ್ಣಾರೆ ಕಂಡೆ.

ಅದು ಈಸ್ಟರ್‌ಗೆ ಮುಂಚಿನ ಚಳಿಗಾಲ. ಕೆಲಸ ಮುಗಿದ ಮೇಲೆ ಟುರಿಡ್ ಮರದ ಚಪ್ಪಲಿ ಬಿಚ್ಚಿಟ್ಟು ಸಿಮೆಂಟಿನ ನೆಲ ಒರೆಸುವಳು. ಒರೆಸಿದ ಬಟ್ಟೆ ಹಿಂಡಲು ನಲ್ಲಿ ತಿರುಗಿಸಿದಾಗ ಒಂದು ಸಂಜೆ ಬೆರಳಿಗೆ ಜುಮ್ಮೆಂದಿತು. ಇರುವೆ ಹರಿದಂತೆ, ಅಷ್ಟೇ. ಮಾರನೆಯ ದಿನವೂ ಆಯಿತು. ಆಮೇಲೆ ಕೆಲವು ದಿನ ಏನೂ ಇಲ್ಲ. ಮತ್ತೆ ಬಂತು.

ಪಕ್ಕದ ಹಳದಿ ಮನೆಯ ಬೋರ್ಗಿಲ್ ಕೂದಲಿಗೆ ಸುರುಳಿ ಹಾಕಿಸಿಕೊಳ್ಳಲು ಬಂದಾಗ ಟುರಿಡ್ ಇದನ್ನು ಹೇಳಿದಳು.

"ಮೂವತ್ತು ವರ್ಷದಿಂದ ಒದ್ದೆ ಕೈಯಲ್ಲೇ ಇದೀಯ, ನರ ಕೆಟ್ಟಿರತ್ತೆ," ಎಂದಳು ಬೋರ್ಗಿಲ್. "ನಂಗೂ ಬಲಗೈ ಹಾಗೇ ಆಗತ್ತೆ."

"ನರ ಕೆಟ್ಟಿದ್ರೆ ಚಮಚ ಹಿಡಿದಾಗ್ಲೂ ಆಗ್ಬೇಕಲ್ಲ?"

"ಚಮಚದ ತುಂಬ ತಿಂಡಿ ಇರತ್ತೆ. ನೀನು ಅದನ್ನ ನೋಡ್ತಿರ್ತೀಯ, ಕೈಯನ್ನಲ್ಲ."

ಹಾಗಂದವಳೇ, ನೋಡಿಯೇ ಬಿಡೋಣವೆಂದು ಬೂಟು ಕಳಚಿ, ಒದ್ದೆ ನೆಲದ ಮೇಲೆ ನಿಂತು, ನಲ್ಲಿಗೆ ಬೆರಳು ತಾಗಿಸಿದಳು. ಏಡಿ ಕಚ್ಚಿದಂತೆ ಕೈ ಹಿಂದಕ್ಕೆಳೆದುಕೊಂಡಳು.

"ನರ ಅಲ್ಲ ಬಿಡು," ಎಂದಳು. "ಕರೆಂಟಿನವನನ್ನ ಕರಿ."

ಕರೆಂಟಿನ ಕೆಲಸದ ಒಡ್ಮುನ್ ಬಂದ ದಿನ ಜಿಟಿಜಿಟಿ ಮಳೆ, ಗಾಳಿಯಲ್ಲಿ ಚಳಿಯೇ ಇರಲಿಲ್ಲ. ನೀರು ಕಾಯಿಸುವ ಹಂಡೆ, ಪ್ಲಗ್ಗುಗಳು, ಕೂದಲು ಒಣಗಿಸುವ ಯಂತ್ರ, ಎಲ್ಲವನ್ನೂ ಅಳತೆಯ ಮೀಟರ್ ಹಿಡಿದು ನೋಡಿದ. ನಲ್ಲಿಯನ್ನೂ ನೋಡಿದ. ಎಲ್ಲಿಯೂ ಏನೂ ಸಿಗಲಿಲ್ಲ.

"ಮೀಟರ್ ಇಲ್ಲ ಅಂತಿದೆ. ನೀವಿಬ್ರೂ ಇದೆ ಅಂತಿದೀರ. ಇಬ್ರೂ ಸುಳ್ಳು ಹೇಳೋ ಪೈಕಿ ಅಲ್ಲ," ಎಂದ. ಹೊರಡುವಾಗ ಬೆರಳೆತ್ತಿ ಎಚ್ಚರಿಸಿದ. "ಆದ್ರೆ ಇನ್ಮೇಲೆ ಯಾರೂ ಮುಟ್ಟಿ ನೋಡ್ಬಾರ್ದು. ಇವತ್ತು ಜುಮ್ ಅಂದಿದ್ದು ನಾಳೆ ಹಿಡ್ಕೊಂಡ್ರೆ ಬಿಡಲ್ಲ. ಈ ತೊಟ್ಟೀನ ಸದ್ಯಕ್ಕೆ ಬಳಸ್ಬೇಡ."

ಟುರಿಡ್ ಅವನ ಮಾತು ಕೇಳಿದಳು. ಗಿರಾಕಿಗಳಿಗೆ ಮನೆಯಲ್ಲೇ ತಲೆ ತೊಳೆದು ಬರಲು ಹೇಳಿದಳು. ಮುಟ್ಟುವುದನ್ನು ಬಿಟ್ಟಳು, ಯೋಚಿಸುವುದನ್ನು ಬಿಡಲಿಲ್ಲ. ಕತ್ತರಿ ಆಡಿಸುತ್ತ ಆಡಿಸುತ್ತ ಕಿಟಕಿಯಾಚೆ ನೋಡುತ್ತ ನಿಂತುಬಿಡುವಳು. ಒಂದು ಬೆಳಿಗ್ಗೆ ನಾನು ಮೆಟ್ಟಿಲಿಳಿದು ಬರುವಾಗ ಬಾಗಿಲ ಮುಂದಿನ ನೀರು ಗಾಜಿನಂತೆ ಹೆಪ್ಪುಗಟ್ಟಿತ್ತು. ಅವಳು ಅದನ್ನೇ ನೋಡುತ್ತಿದ್ದಳು.

"ನಂಗೆ ಶಾಕ್ ಹೊಡೆದ ದಿನಗಳೆಲ್ಲ ಹೀಗೇ ಇದ್ವು," ಎಂದಳು. "ಮಳೆ ಬಂದ ದಿನ ಒಂದ್ಸಲವೂ ಆಗಿಲ್ಲ."

ಕೂಡಲೇ ಒಡ್ಮುನ್‌ಗೆ ಫೋನ್ ಮಾಡಿದಳು. ಅವನು ನಕ್ಕದ್ದು ನನಗೂ ಕೇಳಿಸಿತು.

"ಕರೆಂಟಿಗೂ ಚಳಿ ಆಗತ್ತಾ, ಟುರಿಡ್?"

"ಕರೆಂಟಿಗೆ ಆಗಲ್ಲ. ಚಳಿ ಬಂದಾಗ ತಾನಾಗೇ ಎದ್ದು ಕೂರೋದು ಏನೋ ಎಲ್ಲೋ ಇದೆ."

ನಗು ನಿಂತಿತು. ಅರ್ಧ ಗಂಟೆಯೊಳಗೆ ಅವನ ವ್ಯಾನು ಮನೆಯ ಮುಂದಿತ್ತು.

ಈ ಸಲ ನಲ್ಲಿಗೆ ಮೀಟರ್ ಹಿಡಿಯುತ್ತಲೇ ಅಂಕಿ ಏರಿತು. ಒಡ್ಮುನ್ ಮೇಲೆ ಹೋಗಿ ಇಡೀ ಮನೆಯ ಮೇನ್ ಸ್ವಿಚ್ ಆರಿಸಿದ. ದೀಪಗಳೆಲ್ಲ ಹೋದವು. ಟಾರ್ಚಿನ ಬೆಳಕಿನಲ್ಲಿ ಮತ್ತೆ ಅಳೆದ. ಅಂಕಿ ಕದಲಿರಲಿಲ್ಲ.

"ಇದು ನಿನ್ ಮನೆಯದಲ್ಲ," ಎಂದ.

ಬೇರೆ ಯಾರಾದರೂ ಆಗಿದ್ದರೆ ಉಸ್ಸಪ್ಪಾ ಎನ್ನುತ್ತಿದ್ದರು. ಟುರಿಡ್ ಮಾತ್ರ ಕಣ್ಣರಳಿಸಿ ಕೇಳಿದಳು: "ಹಾಗಾದ್ರೆ ಯಾರದು?"

ಬೀದಿಯ ದೊಡ್ಡ ಕೊಳವೆಯಿಂದ ನಮ್ಮ ಮಗ್ಗುಲಿಗೆ ಬರುವುದು ಒಂದೇ ತಾಮ್ರದ ಪೈಪು. ಅದು ಮೂರು ಮನೆಗೆ ಕವಲೊಡೆಯುತ್ತದೆ: ಟುರಿಡ್‌ದು, ಬೋರ್ಗಿಲ್‌ದು, ಅದರಾಚೆಯ ಬೂದು ಬಣ್ಣದ ಮನೆ. ಎಲ್ಲರೂ ಬೋರ್ಗಿಲ್ ಮನೆಗೆ ಹೋದೆವು. ಅವಳು ಕರೆಂಟಿನ ಕಾವಲಿಯಲ್ಲಿ ವಾಫಲ್ ದೋಸೆ ಹುಯ್ಯುತ್ತಿದ್ದಳು. ಒಡ್ಮುನ್ ಅವಳ ಮೇನ್ ಸ್ವಿಚ್ಚಿನತ್ತ ನಡೆದ.

"ಇದೊಂದು ಬೆಂದ್ಮೇಲೆ ಆರಿಸು."

"ಈಗ್ಲೇ ಆರಿಸ್ತೀನಿ," ಎಂದ ಒಡ್ಮುನ್.

ಅರೆಬೆಂದ ವಾಫಲ್ ವ್ಯರ್ಥವಾಯಿತು. ಅಲ್ಲಿ ಕರೆಂಟು ಆರಿದರೂ ನಲ್ಲಿಯಲ್ಲಿ ಅಂಕಿ ಹಾಗೆಯೇ ನಿಂತಿತ್ತು. ಉಳಿದದ್ದು ಬೂದು ಮನೆ. ಅದಕ್ಕೆ ಬೀಗ. ಒಡೆಯ ಹಾಲ್ವೋರ್ ಬೆರ್ಗನ್ ನಗರದಲ್ಲಿ ಕೆಲಸಕ್ಕಿದ್ದ. ಬೇಸಿಗೆಯಲ್ಲಿ ಮೀನು ಹಿಡಿಯಲು ಮಾತ್ರ ಬರುವವನು. ಟುರಿಡ್ ಅವನಿಗೆ ಫೋನ್ ಮಾಡಿ, ಎಲ್ಲರಿಗೂ ಕೇಳುವಂತೆ ಇಟ್ಟಳು.

"ಹಾಲ್ವೋರ್, ನಿನ್ ಮನೆಯಿಂದ ನಮ್ ನಲ್ಲಿಗೆ ಕರೆಂಟ್ ಬರ್ತಾ ಇದೆ."

"ಅಲ್ಲಿ ನರಪಿಳ್ಳೆ ಇಲ್ಲ. ದೀಪ ಎಲ್ಲ ಆರಿಸೇ ಬಂದಿದೀನಿ."

"ಚಳಿ ಬಂದ್ರೆ ತಾನಾಗೇ ಶುರುವಾಗೋದು ಏನಾದ್ರೂ ಇದೆಯಾ?"

"ನೆಲಮಾಳಿಗೇಲಿ ಪೈಪಿಗೆ ಕರೆಂಟಿಂದ ಕಾಯೋ ವಯರ್ ಸುತ್ತಿದೀನಿ, ಚಳಿ ಜಾಸ್ತಿ ಆದ್ರೆ ತಾನೇ ಶುರುವಾಗತ್ತೆ. ನೀರು ಹೆಪ್ಪುಗಟ್ಟಿ ಪೈಪ್ ಒಡೀಬಾರ್ದು ಅಂತ. ಅದು ಪಾಪ, ಏನ್ ಮಾಡತ್ತೆ?"

"ಕೀಲಿ ಎಲ್ಲಿದೆ?"

"ಬಾಗಿಲು ಒಡೀತೀರಾ?"

"ಕೀಲಿ ಎಲ್ಲಿದೆ ಅಂತ ಹೇಳಿದ್ರೆ ಒಡೆಯಲ್ಲ."

ಸೌದೆ ಕೊಟ್ಟಿಗೆಯಲ್ಲಿ ತೂಗುಹಾಕಿದ್ದ ಹಳೆಯ ರಬ್ಬರ್ ಬೂಟಿನೊಳಗೆ ಕೀಲಿ ಇತ್ತು. ಬಾಗಿಲು ತೆಗೆಯುತ್ತಲೇ ಸುಟ್ಟ ಉಣ್ಣೆಯ ಕಮಟು ಮೂಗಿಗೆ ಬಡಿಯಿತು. ಒಡ್ಮುನ್ ನಮ್ಮನ್ನು ಹೊಸ್ತಿಲಲ್ಲೇ ನಿಲ್ಲಿಸಿದ. ಮೊದಲು ಪಡಸಾಲೆಯ ಫ್ಯೂಸ್ ಪೆಟ್ಟಿಗೆಯಲ್ಲಿ ಮೇನ್ ಆರಿಸಿ, ಹೋಗಿದೆಯೆಂದು ಮೀಟರಿನಲ್ಲಿ ಖಚಿತಪಡಿಸಿಕೊಂಡು, ಆಮೇಲೆ ಒಬ್ಬನೇ ಕೆಳಗಿಳಿದ. ತುಸು ಹೊತ್ತಿನ ಮೇಲೆ ನಮ್ಮನ್ನು ಕರೆದ.

ಪೈಪಿನ ಸುತ್ತ ವಯರನ್ನು ಒಂದರ ಮೇಲೊಂದು ಬರುವಂತೆ ಸುತ್ತಿ, ಅದರ ಮೇಲೆ ಹಳೆಯ ಸ್ವೆಟರ್ ಬಿಗಿದಿತ್ತು. ಒಡ್ಮುನ್ ಸ್ವೆಟರ್ ಬಿಚ್ಚಿದ. ವಯರಿನ ಹೊದಿಕೆ ಕರಗಿ ತಾಮ್ರಕ್ಕೆ ಅಂಟಿತ್ತು. ಹಿಂದಿನ ಮರದ ತೊಲೆ ಅಂಗೈಯಗಲ ಇದ್ದಿಲಾಗಿತ್ತು. ಟುರಿಡ್ ಅದರ ಪಕ್ಕ ಕೈಯಿಟ್ಟು ನೋಡಿದಳು. ಮರ ಇನ್ನೂ ಬೆಚ್ಚಗಿತ್ತು. ನಮ್ಮ ಸಾಲಿನ ಮನೆಗಳೆಲ್ಲ ಮರದವು, ಒಂದಕ್ಕೊಂದು ಒತ್ತಿಕೊಂಡವು.

"ಫ್ಯೂಸ್ ಯಾಕೆ ಹೋಗ್ಲಿಲ್ಲ?" ಎಂದು ಟುರಿಡ್ ಕೇಳಿದಳು.

"ಫ್ಯೂಸಿಗೆ ದೊಡ್ಡ ಗಲಾಟೆ ಆದ್ರೇನೇ ಎಚ್ಚರ. ಇಲ್ಲಿ ಕರೆಂಟು ಸಣ್ಣಗೆ ಸೋರ್ತಾ ಇತ್ತು. ಇಂಥದ್ದನ್ನ ಹಿಡಿಯೋ ಸ್ವಿಚ್ ಬೇರೆ ಇದೆ. ಈ ಹಳೇ ಪೆಟ್ಟಿಗೇಲಿ ಅದಿಲ್ಲ."

"ಹೋದ್ ವರ್ಷ ಯಾಕೆ ನಂಗೆ ಗೊತ್ತಾಗ್ಲಿಲ್ಲ?"

ಒಡ್ಮುನ್ ಯೋಚಿಸಿದ. "ಬೀದೀಲಿ ಕಬ್ಬಿಣದ ಕೊಳವೆ ತೆಗೆದು ಪ್ಲಾಸ್ಟಿಕ್ ಹಾಕಿದ್ದು ಈ ಚಳಿಗಾಲಕ್ಕೆ ಸ್ವಲ್ಪ ಮುಂಚೆ. ಅಲ್ಲೀವರೆಗೆ ಸೋರಿದ್ದೆಲ್ಲ ಕಬ್ಬಿಣ ಹಿಡಿದು ಮಣ್ಣಿಗೆ ಹೋಗ್ತಿತ್ತು. ಈಗ ಆ ದಾರಿ ಮುಚ್ಚಿದೆ. ನಿನ್ ಮನೇ ಅರ್ಥಿಂಗೂ ಆ ಪೈಪನ್ನೇ ನಂಬಿತ್ತು. ಹೋಗಕ್ಕೆ ಬೇರೆ ದಾರಿ ಇಲ್ದೆ ನಿನ್ ಬೆರಳಿಗೆ ಬಂತು."

"ಅಂದ್ರೆ ಹಳೇ ಕೊಳವೆ ಇದ್ದಿದ್ರೆ, ಮನೆ ಸುಟ್ಟ್ ಮೇಲೇ ಗೊತ್ತಾಗ್ತಿತ್ತು."

"ಹೌದು. ಅದೃಷ್ಟ ಅಂತ ಹೇಳ್ಬೇಡ. ಅದೇ ಜುಮ್ ನಿನ್ನನ್ನ ಕೊಲ್ಲಬಹುದಾಗಿತ್ತು."

ಆ ವಾರದ ಕೊನೆಯಲ್ಲಿ ಹಾಲ್ವೋರ್ ಬಂದ. ನೆಲಮಾಳಿಗೆಗಿಳಿದು ಸುಟ್ಟ ತೊಲೆಯನ್ನು ಬೆರಳಲ್ಲಿ ಕೆರೆದು ನೋಡಿದ.

"ವಯರನ್ನ ಒಂದರ ಮೇಲೊಂದು ಯಾಕೆ ಸುತ್ತಿದೆ?" ಎಂದಳು ಟುರಿಡ್. ಬೈಯುವ ದನಿಯಲ್ಲಿರಲಿಲ್ಲ, ನಿಜವಾಗಿ ತಿಳಿಯಬೇಕಿತ್ತು.

"ಕತ್ತರಿಸ್ಬಾರ್ದು ಅಂತ ಅದರ ಡಬ್ಬದ ಮೇಲಿತ್ತು. ಉದ್ದ ಉಳೀತು. ಎಲ್ಲಾದ್ರೂ ಇಡ್ಬೇಕಲ್ಲ? ಸ್ವೆಟರ್ ಹಾಕಿದ್ರೆ ಇನ್ನೂ ಬೆಚ್ಚಗಿರತ್ತೆ ಅಂದ್ಕೊಂಡೆ." ಅವನ ದನಿ ಕುಗ್ಗಿತ್ತು. "ನಿಮ್ಮನ್ನೆಲ್ಲ ಸುಟ್ಟುಬಿಡ್ತಿದ್ದೆ."

"ಸುಡಲಿಲ್ಲವಲ್ಲ. ಬಾ, ಕಾಫಿ ಇದೆ," ಎಂದಳು ಬೋರ್ಗಿಲ್. "ಈ ಸಲ ವಾಫಲ್ ಪೂರ್ತಿ ಬೆಂದಿದೆ."

ಮೂರು ಮನೆಗೂ ಒಡ್ಮುನ್ ಮಣ್ಣಿಗೆ ತಾಮ್ರದ ಸರಳು ಹೊಡೆದು ಹೊಸ ಅರ್ಥಿಂಗ್ ಮಾಡಿದ. ಸೋರಿದ ಕೂಡಲೇ ತಾನಾಗಿ ಆರುವ ಸ್ವಿಚ್ಚು ಕೂರಿಸಿದ. ಅದರ ಮೇಲೊಂದು ಪರೀಕ್ಷೆಯ ಗುಂಡಿಯಿತ್ತು. ಆಗಾಗ ಒತ್ತಿ ನೋಡಿ, ಆರದಿದ್ದರೆ ಹೇಳಿ ಎಂದ. ಬೋರ್ಗಿಲ್ ಅದನ್ನು ಎಷ್ಟು ಸಲ ಒತ್ತಿದಳೆಂದರೆ ಅವಳ ಅಡುಗೆಮನೆಯ ಕರೆಂಟಿನ ಗಡಿಯಾರ ಸರಿಯಾದ ಹೊತ್ತು ತೋರಿಸುವುದನ್ನೇ ಮರೆಯಿತು.

ಟುರಿಡ್‌ಗೆ ಮಾತ್ರ ಹೊಸ ಹುಚ್ಚು ಹತ್ತಿತು. ಕುರ್ಚಿಯಲ್ಲಿ ಕೂತವರನ್ನು ಕೇಳುವಳು: ಪ್ಲಗ್ಗು ಮುಟ್ಟಿದರೆ ಬಿಸಿಯಾಗಿರುತ್ತದೆಯೇ? ಒಲೆ ಹಾಕಿದರೆ ದೀಪ ಮಿಣುಕುತ್ತದೆಯೇ? ಖಾಲಿ ಮನೆಯಲ್ಲಿ ಏನಾದರೂ ಉರಿಯುತ್ತಿದೆಯೇ? ಕೆಲವರು ನಗುವರು. ಕೆಲವರು ಮನೆಗೆ ಹೋಗಿ ಪ್ಲಗ್ಗು ಮುಟ್ಟಿ ನೋಡುವರು.

ಮೇ ತಿಂಗಳ ರಾಷ್ಟ್ರೀಯ ಹಬ್ಬಕ್ಕೆ ಮುಂಚೆ ಬೋರ್ಗಿಲ್ ತಲೆತುಂಬ ಸುರುಳಿ ಹಾಕಿಸಿಕೊಂಡು ಕೂತಿದ್ದವಳು ಗೊಣಗಿದಳು: "ನನ್ ಮಲಗೋ ಕೋಣೆ ಎರಡು ದಿನದಿಂದ ಮೀನು ನಾರ್ತಿದೆ."

ನಮ್ಮ ಊರಿನಲ್ಲಿ ಯಾವ ಕೋಣೆ ಮೀನು ನಾರಿದರೂ ಯಾರೂ ತಲೆ ಕೆಡಿಸಿಕೊಳ್ಳುವುದಿಲ್ಲ. ಟುರಿಡ್‌ಳ ಕೈ ನಿಂತಿತು.

"ಮಲಗೋ ಕೋಣೇಲಿ ಮೀನು ಯಾಕೆ?"

"ನಂಗೇನ್ ಗೊತ್ತು? ಹೀಟರ್ ಹಾಕಿದಾಗ ಜಾಸ್ತಿ."

ಸುರುಳಿಗಳ ಸಮೇತ ಬೋರ್ಗಿಲ್‌ಳನ್ನು ಎಬ್ಬಿಸಿಕೊಂಡು ಟುರಿಡ್ ಪಕ್ಕದ ಮನೆಗೆ ನಡೆದಳು. ಮಂಚದ ಹಿಂದೆ ಹೀಟರಿನ ಪ್ಲಗ್ಗು ಸೇರುವ ಕಡೆ ಗೋಡೆಯ ಸಾಕೆಟ್ಟು ಕಂದಿ ಹೋಗಿತ್ತು. ಟುರಿಡ್ ಅದನ್ನು ಮುಟ್ಟದೆ ಮೇನ್ ಆರಿಸಿ ಒಡ್ಮುನ್‌ನನ್ನು ಕರೆದಳು. ಅವನು ಬಿಚ್ಚಿ ತೋರಿಸಿದ. ಒಳಗೆ ತಿರುಪು ಸಡಿಲವಾಗಿ, ಕಾದು ಕಾದು ಸೀದಿತ್ತು.

"ಇದರ ಪ್ಲಾಸ್ಟಿಕ್ ಕಾದ್ರೆ ಮೀನಿನ ವಾಸನೆ ಬರತ್ತೆ," ಎಂದ. "ನಮ್ಮೂರಲ್ಲಿ ಇದೇ ಕಷ್ಟ. ಯಾರಿಗೂ ಅನುಮಾನ ಬರಲ್ಲ."

"ಮೀನಿನ ವಾಸನೆಯೇ ಯಾಕೆ?"

"ಅದು ನಂಗೆ ಗೊತ್ತಿಲ್ಲ, ಟುರಿಡ್."

ಶಾಲೆಯಲ್ಲಿ ರಸಾಯನಶಾಸ್ತ್ರ ಕಲಿಸುವ ಮೇಡಂ ಗುರುವಾರ ಕೂದಲು ಕತ್ತರಿಸಿಕೊಳ್ಳಲು ಬರುವವರಿದ್ದರು. ಟುರಿಡ್ ಬುಧವಾರವೇ ಅವರ ಮನೆ ಬಾಗಿಲು ತಟ್ಟಿದಳು.