ಎರಡೇ ಸಲ ಕರೆದ ತಂತಿ

ಮೂರು ಸಲ ಕರೆಯುವವರೆಗೆ ‘ಓ’ ಅನ್ನಬಾರದು ಎಂಬುದು ನಮ್ಮವ್ವನ ಕಟ್ಟಪ್ಪಣೆ. ದೆವ್ವಕ್ಕೆ ಎರಡರ ಮೇಲೆ ಕರೆಯಲು ಬರುವುದಿಲ್ಲವಂತೆ. ಮನುಷ್ಯನಾದರೆ ಮೂರೇನು, ಮೂವತ್ತು ಸಲ ಕರೆದಾನಂತೆ. ಇದನ್ನು ಕೇಳಿ ನಾನು ನಕ್ಕಷ್ಟು ಬನಹಟ್ಟಿಯ ನಮ್ಮ ಓಣಿಯಲ್ಲಿ ಬೇರೆ ಯಾರೂ ನಕ್ಕಿರಲಿಕ್ಕಿಲ್ಲ. ಹೊರಗಿನಿಂದ ಯಾರ ದನಿ ಕೇಳಿದರೂ, ಅವ್ವ ಸಿಡಿಮಿಡಿಗೊಳ್ಳಲಿ ಎಂದೇ, ಮೊದಲ ಕರೆಗೇ ‘ಓ’ ಎಂದು ಗಂಟಲು ಹರಿಯುವಂತೆ ಕೂಗುತ್ತಿದ್ದೆ. ದೆವ್ವ ಭೂತ ಅಂದವರನ್ನು ಹಿಡಿದು ವಾದ ಮಾಡುವುದು ನನಗೊಂದು ಚಟವೇ ಆಗಿತ್ತು. ಹಾಗೆ ಜಂಬ ಕೊಚ್ಚಿದವನು ಈಗ ಇದನ್ನು ಬರೆಯುತ್ತಿದ್ದೇನೆ. ನಗುವುದಿದ್ದರೆ ನಗಿರಿ, ನನ್ನ ತಕರಾರಿಲ್ಲ.

ದೊಡ್ಡ ಯುದ್ಧ ಮುಗಿದಿತ್ತು; ಜಮಖಂಡಿ, ಮುಧೋಳಗಳಲ್ಲಿ ಇನ್ನೂ ರಾಜರ ಆಳ್ವಿಕೆಯೇ ಇತ್ತು. ನನ್ನ ಅಣ್ಣ ಈರಣ್ಣ ಸೈನ್ಯದ ತಂತಿ ವಿಭಾಗ ಸೇರಿ ಬರ್ಮಾ ಕಡೆ ಹೋದವನು ತಿರುಗಿ ಬಂದಿರಲಿಲ್ಲ. ಮೊದಲು ‘ಕಾಣೆಯಾಗಿದ್ದಾನೆ’ ಎಂಬ ಕಾಗದ ಬಂತು. ಬಹಳ ದಿನಗಳ ಮೇಲೆ ‘ಸತ್ತಿದ್ದಾನೆಂದು ತಿಳಿಯತಕ್ಕದ್ದು’ ಎಂಬ ಇನ್ನೊಂದು ಬಂತು. ಹೆಣ ಕಂಡವರಿಲ್ಲ, ಮಣ್ಣು ಮಾಡಿದವರಿಲ್ಲ. ಅಣ್ಣನ ಹೆಂಡತಿ ಗೌರವ್ವ ವೈನಿ ಎರಡು ಕಾಗದವನ್ನೂ ನಂಬದೆ ಕುಂಕುಮ ಉಳಿಸಿಕೊಂಡೇ ಮಗ್ಗದಲ್ಲಿ ಕೂರುತ್ತಿದ್ದರು. ಊರಿನ ಬಾಯಿ ಸುಮ್ಮನಿರುತ್ತದೆಯೇ? ಕುಲದ ಹಿರಿಯರು ಕೂಡಿ, ಬರುವ ಶನಿವಾರ ಅವರ ಬಳೆ ಒಡೆಸಬೇಕೆಂದು ಗೊತ್ತುಮಾಡಿಬಿಟ್ಟರು.

ಅಣ್ಣ ರಜೆಗೆ ಬಂದಾಗ ನನಗೆ ಚುಕ್ಕೆ ಗೀಟುಗಳ ತಂತಿಭಾಷೆ ಕಲಿಸಿದ್ದ. ಮಗ್ಗದ ಕಟ್ಟಿಗೆಯ ಮೇಲೆ ಲಾಳಿಯಿಂದ ಕುಟ್ಟಿ ಕುಟ್ಟಿ ಮನೆಯವರು ನನ್ನನ್ನು ಕರೆಯುವ ‘ಬಾಳು’ ಎಂಬ ಹೆಸರನ್ನು ಬಾರಿಸುತ್ತಿದ್ದ. ಈ ವಿದ್ಯೆ ಗೊತ್ತಿದ್ದವರಿಗೆ ತಿಳಿದಿದೆ, ಒಬ್ಬೊಬ್ಬರ ಕೈಯೂ ಬೇರೆ. ಅಕ್ಷರ ನೋಡಿ ಬರೆದವರನ್ನು ಹೇಳುವಂತೆ ಬಡಿತ ಕೇಳಿ ಆಳನ್ನು ಹೇಳಬಹುದು. ಅಣ್ಣನ ಬಲಗೈಯ ಬೆರಳೊಂದು ಚಿಕ್ಕಂದಿನಲ್ಲಿ ಮಗ್ಗಕ್ಕೆ ಸಿಕ್ಕು ಸೊಟ್ಟಗಾಗಿತ್ತು. ಹೀಗಾಗಿ ಅವನ ಪ್ರತಿ ಗೀಟೂ ಕೊನೆಗೆ ತುಸು ಕುಂಟುತ್ತಿತ್ತು.

ಮುಧೋಳದಲ್ಲಿ ನನ್ನ ಗೆಳೆಯ ಶಂಕ್ರಪ್ಪನಿಗೆ ಹವ್ಯಾಸಿ ರೇಡಿಯೋದ ಹುಚ್ಚು. ಸಂದೇಶ ಕೇಳಲೂ ಕೀ ಒತ್ತಿ ಕಳಿಸಲೂ ಬರುವ, ಹೊತ್ತೊಯ್ಯುವಂಥದೊಂದು ಬ್ಯಾಟರಿ ಸೆಟ್ಟಿತ್ತು, ಪರವಾನಗಿಯೂ ಇತ್ತು. ಹೊಸದಾಗಿ ಒಂದು ಏರಿಯಲ್ ತಂತಿ ಮಾಡಿದ್ದ. ಚೀಲದಲ್ಲಿ ಸುತ್ತಿಟ್ಟುಕೊಂಡು ಎಲ್ಲಿ ಬೇಕಾದರೂ ಕಟ್ಟಬಹುದು. ನಡುವೆ ಕೊಂಡಿಗಳಿದ್ದು, ಜೋಡಿಸಿದರೆ ಉದ್ದವಾಗಿ ಒಂದು ಜಾತಿಯ ಅಲೆ, ಬಿಚ್ಚಿದರೆ ಗಿಡ್ಡವಾಗಿ ಇನ್ನೊಂದು ಜಾತಿಯ ಅಲೆ ಹಿಡಿಯುತ್ತಿತ್ತು. ಅವನಿಗೆ ಜ್ವರ ಬಂದದ್ದರಿಂದ ಬಯಲಲ್ಲಿ ಕಟ್ಟಿ ನೋಡಲು ನನ್ನ ಕೈಗೆ ಕೊಟ್ಟ. “ಕೇಳೂದು ಅಷ್ಟ ಮಾಡಲೇ, ಕೀ ಒತ್ತಬ್ಯಾಡ. ಪರವಾನಗಿ ನಂದೈತಿ, ನಿಂದಲ್ಲ,” ಎಂದು ಹೆದರಿಸಿಯೂ ಇದ್ದ.

ವೈನಿಗೆ ಇದು ತಿಳಿಯಿತು. “ತಮ್ಮಾ, ನಾನೂ ಬರ್ತೇನಿ. ಹಿಡ್ಯಾಕ ಒಂದ್ ಆಳರ ಬೇಕಲ್ಲ,” ಎಂದರು. ಅಣ್ಣನ ಸುದ್ದಿ ಎಲ್ಲಿಂದಾದರೂ ಸಿಕ್ಕೀತೆಂಬ ಆಸೆ ಅವರಿಗೆಂದು ನನಗೆ ಗೊತ್ತಿತ್ತು, ಬೇಡವೆನ್ನಲಿಲ್ಲ. ಶನಿವಾರಕ್ಕೆ ಎರಡೇ ದಿನ ಉಳಿದಿತ್ತು. ಚಕ್ಕಡಿ ಹೂಡಿಕೊಂಡು ಚಿಮ್ಮಡದ ದಾರಿಯ ನಮ್ಮ ತುಂಡು ಹೊಲಕ್ಕೆ ಹೋದೆವು.

ನೆತ್ತಿ ಸುಡುವ ನಡುಮಧ್ಯಾಹ್ನ. ಸುತ್ತ ಎಲ್ಲಿಯೂ ಒಂದು ಆಳಿರಲಿಲ್ಲ. ಹಗ್ಗಕ್ಕೆ ಕಲ್ಲು ಕಟ್ಟಿ ಬೇವಿನ ಕೊಂಬೆಯ ಮೇಲೆ ಎಸೆದೆ. ಆಚೆ ತುದಿಗೆ ಬಿದಿರಿನ ಗಳ ನೆಟ್ಟೆ. ತಂತಿ ಮರಕ್ಕಾಗಲಿ ಹಸಿ ಬಿದಿರಿಗಾಗಲಿ ತಗಲಬಾರದು, ಎರಡೂ ತುದಿಗೆ ಪಿಂಗಾಣಿಯ ಗುಂಡು ಬೇಕು. ಅವು ಚಕ್ಕಡಿಯ ಕುಲುಕಾಟಕ್ಕೆ ಒಡೆದುಹೋಗಿದ್ದವು. ಗಾಜಾದರೂ ನಡೆದೀತು ಎಂದು ನಾನು ಗೊಣಗುತ್ತಿದ್ದಂತೆ ವೈನಿ ಕೈಯಿಂದ ಎರಡು ಹಸಿರು ಬಳೆ ಕಳಚಿ ಮುಂದೆ ಹಿಡಿದರು.

“ಅಯ್ಯ, ಬ್ಯಾಡ್ರಿ ವೈನಿ!”

“ನಾಡದ ಒಡಿಯೂ ಬಳೀನ ಅಲ್ಲೇನೋ. ಇದಕ್ಕರ ಆಗ್ಲಿ, ತಗೋ,” ಎಂದರು. ತುದಿಗೊಂದರಂತೆ ಬಳೆ ಕಟ್ಟಿ, ಹಗ್ಗ ಜಗ್ಗಿ ತಂತಿ ಮೇಲೇರಿಸಿದೆ. ಬೇವಿನ ಕಡೆಯಿಂದ ಕೆಳಗೆ ಇಳಿಬಿಟ್ಟ, ಸೆಟ್ಟಿಗೆ ಸಿಕ್ಕಿಸಬೇಕಿದ್ದ ಎಳೆಯ ತುದಿಯನ್ನು ಅವರ ಕೈಗೆ ಕೊಟ್ಟು, “ನಾ ಹೇಳೂತನಕ ಬಿಡಬ್ಯಾಡ್ರಿ,” ಎಂದೆ. ಹಗ್ಗದ ಗಂಟು ಬಿಗಿದು ಬಂದು, ಬೊಡ್ಡೆಯ ಈಚೆ ನೆರಳಲ್ಲಿಟ್ಟಿದ್ದ ಸೆಟ್ಟಿನ ಮುಂದೆ ಕೂತು ಹೆಡ್‌ಫೋನು ಏರಿಸಿದೆ. ವೈನಿ ಬೊಡ್ಡೆಯ ಆಚೆ ಬದಿಗಿದ್ದರು.

ಬಹಳ ಹೊತ್ತು ಏನೂ ಇಲ್ಲ. ಬರಿಯ ಸಣ್ಣ ಸುಯ್ಯೆಂಬ ಸದ್ದು. ಆಮೇಲೆ ಆ ಸದ್ದೂ ನಿಂತಿತು. ಸೆಟ್ಟು ಕೆಟ್ಟಿತೇನೋ ಎಂದುಕೊಳ್ಳುವಷ್ಟರಲ್ಲಿ, ಕಿವಿಯ ಪಕ್ಕದಲ್ಲೇ ಕೂತು ಯಾರೋ ಬಡಿದಷ್ಟು ಸ್ಪಷ್ಟವಾಗಿ, ಬಂತು. ಬಾಳು. ಪ್ರತಿ ಗೀಟೂ ಕೊನೆಗೆ ಕುಂಟುತ್ತಿತ್ತು.

ಆ ಬಿಸಿಲಿನಲ್ಲಿ ನನಗೆ ಚಳಿ ಹುಟ್ಟಿತು. ಹೆಡ್‌ಫೋನು ಕಿತ್ತೆಸೆಯಬೇಕೆಂದರೆ ಕೈ ಮೇಲೇಳಲಿಲ್ಲ. ಎರಡನೆಯ ಸಲ ಬಂತು, ಮೊದಲಿನದಕ್ಕಿಂತ ನಿಧಾನವಾಗಿ: ಬಾಳು. ಬಳಿಕ ನಿಂತಿತು. ಕರೆದವರು ಉತ್ತರಕ್ಕೆ ಕಾಯುವ ನಿಲುಗಡೆ ಅದು, ಅಣ್ಣ ಲಾಳಿ ಎತ್ತಿ ಹಿಡಿದು ನನ್ನ ಮುಖ ನೋಡುತ್ತಿದ್ದನಲ್ಲ, ಥೇಟ್ ಹಾಗೆ. ಬೆರಳು ಕೀ ಮೇಲಿತ್ತು. ಒಂದು ಸಲ ಒತ್ತಿದ್ದರೆ ಸಾಕಿತ್ತು. ಶಂಕ್ರಪ್ಪನ ಪರವಾನಗಿ ನೆನಪಾಗಿ ಬಿಟ್ಟೆನೆಂದು ನಾನು ನನಗೇ ಬಹಳ ವರ್ಷ ಸುಳ್ಳು ಹೇಳಿಕೊಂಡಿದ್ದೇನೆ. ನೆನಪಾದದ್ದು ಅವ್ವನ ಮಾತು. ಮೂರನೆಯದು ಬರಲಿ, ಬರಲಿ ಎಂದು ಬೆವರುತ್ತ ಕೂತೆ, ಮೊದಲ ಕರೆಗೇ ‘ಓ’ ಎಂದು ಅರಚುತ್ತಿದ್ದ ಶೂರ!

ಮೂರನೆಯದು ಬರಲಿಲ್ಲ. ತಂತಿ ಸಡಿಲವಾಯಿತೋ ಎಂದು ಸೆಟ್ಟಿನ ಹಿಂದೆ ಕೈಯಾಡಿಸಿದೆ. ತಂತಿ ಸಿಕ್ಕಿಸುವ ತಿರುಪು ಬರಿದಾಗಿತ್ತು. ತಂತಿಯನ್ನು ನಾನು ಜೋಡಿಸಿಯೇ ಇರಲಿಲ್ಲ.

ಎದ್ದು ಬೊಡ್ಡೆಯ ಆಚೆ ಹೋದೆ. ವೈನಿ ಕಣ್ಣು ಮುಚ್ಚಿ, ಬಾಯಿ ತುಸು ತೆರೆದು ಕೂತಿದ್ದರು. ತಂತಿಯ ತುದಿ ಎರಡೂ ಕೈಗಳಲ್ಲಿ ಭದ್ರವಾಗಿತ್ತು. ನನಗೆ ಎಷ್ಟು ಹೆದರಿಕೆಯಾಯಿತೆಂದರೆ ಅದನ್ನು ಅವರ ಕೈಯಿಂದ ಕಸಿದುಕೊಂಡೆ.

“ಏನರ ಬಂತೇನೋ ತಮ್ಮಾ?”

“ಏನೂ ಇಲ್ರಿ ವೈನಿ. ಬರೇ ಗದ್ದಲ.”

ಅವರು ನನ್ನ ಮುಖವನ್ನೇ ನೋಡಿದರು. ಅವಸರದಲ್ಲಿ ಹಗ್ಗ ಜಗ್ಗಿದಾಗ ಬೇವಿನ ಕಡೆಯ ಬಳೆ ಕಲ್ಲಿಗೆ ಬಡಿದು ಚೂರಾಯಿತು. ವೈನಿ ಚೂರುಗಳನ್ನು ಆಯ್ದು ಸೆರಗಿನಲ್ಲಿ ಕಟ್ಟಿಕೊಂಡರು. ಶನಿವಾರ ಉಳಿದವನ್ನು ಹಿರಿಯರು ಒಡೆಸಿದರು. ನಾನು ಹಿತ್ತಲಲ್ಲಿ ನಿಂತಿದ್ದೆ. ಬಾಯಿ ಬಿಡಲಿಲ್ಲ.

ಹತ್ತಿರದ ಯಾವುದೋ ಸೆಟ್ಟಿನಿಂದ ಬಂದಿದ್ದರೆ ತಂತಿ ಇಲ್ಲದೆಯೂ ಕೇಳೀತು ಎಂದು ಶಂಕ್ರಪ್ಪ ಆಮೇಲೆ ಹೇಳಿದ. ಆಗಲಿ. ಆದರೆ ನನ್ನನ್ನು ‘ಬಾಳು’ ಎನ್ನುವವರು ಮನೆಯವರಷ್ಟೇ, ಆ ಕುಂಟುವ ಕೈ ಒಬ್ಬನದಷ್ಟೇ. ಬಿಸಿಲಿಗೆ ತಲೆ ಕೆಟ್ಟಿತ್ತು ಎಂದುಕೊಂಡೂ ನೋಡಿದೆ. ಹಲವು ವರ್ಷ ಅದರಿಂದಲೇ ಸಮಾಧಾನ ಮಾಡಿಕೊಂಡೆ. ಆ ಸಮಾಧಾನವೂ ವೈನಿ ಹಾಸಿಗೆ ಹಿಡಿದು ಮಲಗಿದ ವರ್ಷ ಮುಗಿಯಿತು. ಒಂದು ಬೆಳಿಗ್ಗೆ ಗಂಜಿ ಕುಡಿಸುತ್ತಿದ್ದಾಗ ಅವರು ಸುಮ್ಮನೆ, ಕೋಪವಿಲ್ಲದೆ ಅಂದರು:

“ಅವತ್ತ ಆ ತಂತಿ ನನ್ನ ಕೈಯಾಗ ಎರಡ್ ಸಲ ಜುಂ ಅಂದಿತ್ತು ತಮ್ಮಾ. ಅತ್ತಿ ಹೇಳಿದ್ದು ನೆನಪಿತ್ತು ನೋಡು, ಮೂರನೇದ್ದಕ್ಕ ಓ ಅನ್ನೂಣು ಅಂತ ಬಾಯಿ ತಗದ್ ಕುಂತಿದ್ನಿ. ಅಷ್ಟರಾಗ ನೀ ಬಂದು ಕಸಗೊಂಡಿ.”

ಕೈಯಲ್ಲಿನ ಬಟ್ಟಲು ಕೆಳಗಿಟ್ಟೆ. ಕರೆದವನು ಬದುಕಿದ್ದನೋ ಸತ್ತಿದ್ದನೋ, ಇನ್ನೊಂದು ಗಳಿಗೆ ಬಿಟ್ಟಿದ್ದರೆ ಮೂರನೆಯ ಸಲ ಕರೆಯುತ್ತಿದ್ದನೋ, ಇವತ್ತಿಗೂ ನನಗೆ ಗೊತ್ತಿಲ್ಲ. ಈಗಲೂ ಹೊರಗಿನಿಂದ ಯಾರಾದರೂ ಕರೆದರೆ ನಾನು ಮೊದಲ ಕರೆಗೇ ‘ಓ’ ಅನ್ನುತ್ತೇನೆ. ಮನೆಯವರು ಇದನ್ನು ನನ್ನ ಹಳೆಯ ಧೈರ್ಯವೆಂದೇ ತಿಳಿದಿದ್ದಾರೆ.